ಬಾಯಿಬಿಟ್ಟು ಪೆಟ್ಟಿಗೆ ತೆರೆಯುವುದು: ಜೇನು ಪ್ರಾಯೋಗಿಕ ಪರೀಕ್ಷೆಗೆ ನನ್ನ ತಯಾರಿ

ಜೇನು ಸಾಕಣೆಯ ಪ್ರಾಯೋಗಿಕ ಪರೀಕ್ಷೆಗೆ ಹೆಸರು ಕೊಡುವ ಹೊತ್ತಿಗೆ ಪೆಟ್ಟಿಗೆ ತೆರೆಯುವುದು ನನಗೆ ರೂಢಿಯಾಗಿತ್ತು. ಮಾತಾಡುತ್ತಾ ತೆರೆಯುವುದು ಮಾತ್ರ ಅಭ್ಯಾಸವಿರಲಿಲ್ಲ. ಒಬ್ಬರೇ ಕೆಲಸ ಮಾಡುವವರು ಎರಿಯನ್ನು (ಚೌಕಟ್ಟಿನಲ್ಲಿ ನೊಣ ಕಟ್ಟಿದ ಮೇಣದ ಕೋಶಗಳ ಹಲಗೆ) ತಿರುಗಿಸಿ ನೋಡಿ, ಮನಸ್ಸಿನಲ್ಲೇ ಲೆಕ್ಕ ಹಾಕಿ ವಾಪಸ್ ಇಟ್ಟುಬಿಡುತ್ತಾರೆ. ಪರೀಕ್ಷಕರಿಗೆ ಆ ಲೆಕ್ಕ ಕಾಣುವುದಿಲ್ಲ, ಬಾಯಲ್ಲಿ ಬಂದದ್ದಕ್ಕಷ್ಟೇ ಅಂಕ. ಹಾಗಾಗಿ ತಯಾರಿಯ ಹೆಚ್ಚಿನ ಹೊತ್ತು ಬಾಯಿಗೆ ತಾಲೀಮು ಕೊಡುವುದರಲ್ಲೇ ಹೋಯಿತು.

ಇದಕ್ಕೆ ಜೇನಿನ ಗಂಧಗಾಳಿ ಇಲ್ಲದ ಗೆಳೆಯನೊಬ್ಬನಿಗೆ ಮುಖಪರದೆ ಹಾಕಿಸಿ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಬಲ್ಲವರು ತಲೆಯಾಡಿಸಿ ಸುಮ್ಮನಾಗುತ್ತಾರೆ, ಇವನು ಬಿಡಲಿಲ್ಲ. “ನಡುವಿನಿಂದ ತೆಗೆಯೋದು ಬಿಟ್ಟು ಅಂಚಿನಿಂದ ಯಾಕೆ ಶುರು ಮಾಡ್ತೀಯ?” ಅಂಚಿನ ಚೌಕಟ್ಟಿನಲ್ಲಿ ಸಾಮಾನ್ಯವಾಗಿ ಬರೀ ಆಹಾರ ಇರುತ್ತದೆ, ರಾಣಿ ಇರುವ ಸಂಭವ ಕಡಿಮೆ. ಅದನ್ನು ಹೊರಗಿಟ್ಟರೆ ಉಳಿದವನ್ನು ಪಕ್ಕಕ್ಕೆ ಸರಿಸಿ, ನೊಣ ಅರೆಯದೆ ಎತ್ತಲು ಜಾಗವಾಗುತ್ತದೆ. “ಎರಿಯನ್ನು ಪೆಟ್ಟಿಗೆ ಮೇಲೇ ಯಾಕೆ ಹಿಡಿದುಕೊಂಡಿದ್ದೀಯ?” ರಾಣಿ ಜಾರಿದರೆ ಪೆಟ್ಟಿಗೆಯೊಳಗೇ ಬೀಳಲಿ ಅಂತ. ಅವನು ಕೇಳಿದ ‘ಯಾಕೆ’ಗಳಲ್ಲಿ ಎಷ್ಟೋ ಪರೀಕ್ಷೆಯಲ್ಲೂ ಬಂದವು.

ನೊಣಗಳನ್ನು ಶಾಂತವಾಗಿಡಲು ಹೊಗೆ ಬಿಡುವ ಹೊಗೆತಿದಿಗೆ ಬೇರೆಯೇ ತಾಲೀಮು. ಹಚ್ಚುವುದು ಸುಲಭ, ಕೊನೆಯವರೆಗೆ ಉಳಿಸಿಕೊಳ್ಳುವುದು ಕಷ್ಟ. ಗೋಣಿತಾಟಿನ ಚೂರಿಗೆ ಬೆಂಕಿ ಕೊಟ್ಟು ತಳಕ್ಕಿಳಿಸಿ, ಅದು ಚೆನ್ನಾಗಿ ಹಿಡಿಯುವವರೆಗೆ ತಿದಿ ಒತ್ತಿ, ಆಮೇಲೆ ಒಣ ಹುಲ್ಲು ತುಂಬಿ, ಕಿಡಿ ಹಾರದಂತೆ ಮೇಲೊಂದು ಹಿಡಿ ಹಸಿಹುಲ್ಲು ಇಡುತ್ತಿದ್ದೆ. ಹೀಗೆ ಹಚ್ಚಿ ಪಕ್ಕಕ್ಕಿಟ್ಟು ಬೇರೆ ಕೆಲಸಕ್ಕೆ ಹೋಗಿ, ಬಂದು ಒತ್ತಿದಾಗ ದಪ್ಪ ಹೊಗೆ ಬರಬೇಕು. ನೊಣಕ್ಕೆ ಬಿಡುವ ಮುಂಚೆ ನನ್ನ ಮುಂಗೈಗೆ ಬಿಟ್ಟು ನೋಡುತ್ತಿದ್ದೆ. ನನಗೆ ಬಿಸಿಯಾದರೆ ಅವುಗಳ ರೆಕ್ಕೆಗೂ ಬಿಸಿಯೇ. ಪರೀಕ್ಷೆಯಲ್ಲೂ ಇದನ್ನೇ ಮಾಡಿದೆ, ಯಾಕೆ ಅಂತಲೂ ಹೇಳಿದೆ.

ಚೌಕಟ್ಟು ಜೋಡಿಸಿ ಮೇಣದ ಹಾಳೆ ಕೂರಿಸುವ ಭಾಗಕ್ಕೆ ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಮೂಲೆ ನೇರವಾಗಿರಬೇಕು, ಮೊಳೆ ಹೊರಗೆ ಇಣುಕಬಾರದು. ನೊಣ ಓಡಾಡುವ ಸಂದು ಎಷ್ಟಿರಬೇಕೆಂದು ಕೇಳಿದರೆ 6ರಿಂದ 9 ಮಿ.ಮೀ.; ಕಿರಿದಾದರೆ ಅಂಟಿನಿಂದ ಮುಚ್ಚುತ್ತವೆ, ಅಗಲವಾದರೆ ಅಲ್ಲೇ ಎರಿ ಕಟ್ಟುತ್ತವೆ. ಇಷ್ಟು ಗೊತ್ತಿದ್ದರೆ ಸಾಕು.

ಎರಿ ಓದುವುದೇ ಪರೀಕ್ಷೆಯ ತಿರುಳು ಅನ್ನುವುದು ನನ್ನ ಅಭಿಪ್ರಾಯ. ಬಿಸಿಲು ಭುಜದ ಹಿಂದಿನಿಂದ ಬರುವಂತೆ ನಿಂತರೆ ಕೋಶದ ತಳದವರೆಗೂ ಬೆಳಕು ಬೀಳುತ್ತದೆ. ಇಟ್ಟ ದಿನ ಮೊಟ್ಟೆ ನೆಟ್ಟಗೆ ನಿಂತಿರುತ್ತದೆ, ಆಮೇಲೆ ವಾಲುತ್ತಾ ಮೂರನೇ ದಿನಕ್ಕೆ ಮಲಗುತ್ತದೆ. ಮೆಲ್ಲಿಫೆರಾ (ಯುರೋಪಿಯನ್ ಜೇನು) ಜಾತಿಯ ಕೆಲಸಗಾರ ನೊಣ ಸುಮಾರು 3 ದಿನ ಮೊಟ್ಟೆ, 6 ದಿನ ತೆರೆದ ಕೋಶದ ಮರಿಹುಳು, 12 ದಿನ ಮುಚ್ಚಿದ ಕೋಶದಲ್ಲಿ, ಒಟ್ಟು 21 ದಿನ. ರಾಣಿ ಒಂದೇ ಸಮನೆ ಮೊಟ್ಟೆಯಿಡುತ್ತಿದ್ದರೆ ಎರಿಯ ಮೇಲೂ ಸರಿಸುಮಾರು ಇದೇ ಪ್ರಮಾಣ ಕಾಣಬೇಕು: ಮೊಟ್ಟೆಯ ಎರಡರಷ್ಟು ಹುಳು, ಹುಳುವಿನ ಎರಡರಷ್ಟು ಮುಚ್ಚಿದ ಮರಿ. ಮೊಟ್ಟೆ ಇದಕ್ಕಿಂತ ತೀರಾ ಕಡಿಮೆಯಾಗಿದ್ದರೆ ರಾಣಿ ನಿಧಾನಿಸಿದ್ದಾಳೆ. ಕುಟುಂಬ ಪಾಲಾಗುವ, ಅಂದರೆ ಹಳೆಯ ರಾಣಿ ಒಂದಷ್ಟು ನೊಣಗಳೊಡನೆ ಹಾರಿಹೋಗುವ ಕಾಲವಾದರೆ, ಹೊಸ ರಾಣಿ ಬೆಳೆಯುವ ರಾಣಿಕೋಶ ಹುಡುಕಬೇಕು.

ಪರೀಕ್ಷೆಯ ದಿನ ರಾಣಿ ನನ್ನ ಕಣ್ಣಿಗೆ ಬೀಳಲಿಲ್ಲ. “ರಾಣಿ ಇದ್ದಾಳೆ ಅಂತ ಹೇಗೆ ಹೇಳ್ತೀರಿ?” ಅಂದರು ಪರೀಕ್ಷಕರು. ನಿಂತಿದ್ದ ಮೊಟ್ಟೆಗಳನ್ನು ತೋರಿಸಿ, ಇವನ್ನು ಇಟ್ಟು ಹೆಚ್ಚು ಹೊತ್ತಾಗಿಲ್ಲ ಅಂದೆ. ಕೋಶಕ್ಕೆ ಒಂದೊಂದೇ ಮೊಟ್ಟೆ, ಅದೂ ತಳದ ಮಧ್ಯದಲ್ಲಿ. ಕೆಲಸಗಾರ ನೊಣಗಳೇ ಇಡತೊಡಗಿದ್ದರೆ ಒಂದೇ ಕೋಶದಲ್ಲಿ ಹಲವಿರುತ್ತಿದ್ದವು, ಕೋಶದ ಗೋಡೆಗೂ ಅಂಟಿರುತ್ತಿದ್ದವು. ರಾಣಿಯನ್ನು ಹುಡುಕಿ ತೋರಿಸಿ ಅಂತ ಅವರು ಕೇಳಲೇ ಇಲ್ಲ.

ರೋಗದ ಎರಿಯನ್ನು ಅಭ್ಯಾಸಕ್ಕೆಂದು ತರುವಂತಿಲ್ಲ. ಚಿತ್ರಗಳ ಹೆಸರು ಮುಚ್ಚಿಟ್ಟು, ಕಂಡದ್ದನ್ನು ಮೊದಲು ವಿವರಿಸಿ, ಆಮೇಲೆ ಹೆಸರು ಹೇಳುವ ರೂಢಿ ಮಾಡಿಕೊಂಡೆ. ಆರೋಗ್ಯದ ಹುಳು ಮುತ್ತಿನ ಬಿಳಿ, ಕೋಶದ ತಳದಲ್ಲಿ ಸುರುಳಿ ಸುತ್ತಿರುತ್ತದೆ. ಮುಚ್ಚಳ ಒಳಕ್ಕೆ ಕುಸಿದು, ಕಪ್ಪಾಗಿ, ತೂತಾಗಿದ್ದರೆ ಬೆಂಕಿಕಡ್ಡಿ ಇಳಿಸಿ ನಿಧಾನಕ್ಕೆ ಎಳೆಯಬೇಕು. ಕಂದು ಲೋಳೆ ನೂಲಾಗಿ ಎದ್ದರೆ ಮರಿಗಳನ್ನು ಕೊಲ್ಲುವ ಅಂಟುರೋಗವಾದ ಅಮೆರಿಕನ್ ಫೌಲ್‌ಬ್ರೂಡ್ ಎಂಬ ಅನುಮಾನ ಬಲವಾಗುತ್ತದೆ. ಮುಂದೇನು ಮಾಡುತ್ತೀರಿ ಅಂತಲೂ ಕೇಳುತ್ತಾರೆ: ಪೆಟ್ಟಿಗೆ ಮುಚ್ಚಿ, ಅದರ ಎರಿ ಇನ್ನೊಂದಕ್ಕೆ ಹೋಗದಂತೆ ನೋಡಿಕೊಂಡು, ಉಪಕರಣ ತೊಳೆದು, ಸಂಬಂಧಪಟ್ಟವರಿಗೆ ತಿಳಿಸುವುದು.

ನೊಣಗಳ ಮೈಗೆ ಅಂಟಿ ಬದುಕುವ ವರೋವಾ ನುಸಿ ಎಣಿಸಲು ಒಂದು ಎರಿಯಿಂದ ಅರ್ಧ ಕಪ್, ಅಂದರೆ ಸುಮಾರು 300 ನೊಣಗಳನ್ನು ಜಾಲರಿ ಮುಚ್ಚಳದ ಬಾಟಲಿಗೆ ಹಾಕಿ, ಸಕ್ಕರೆ ಪುಡಿ ಉದುರಿಸಿ, ಹೊರಳಿಸಿ, ಕೆಲವು ನಿಮಿಷ ಬಿಟ್ಟು ಬಿಳಿ ತಟ್ಟೆಯ ಮೇಲೆ ಜೋರಾಗಿ ಅಲುಗಾಡಿಸಿದೆ. ಬಿದ್ದ ನುಸಿಯನ್ನು ಮೂರರಿಂದ ಭಾಗಿಸಿದರೆ ನೂರು ನೊಣಕ್ಕೆ ಎಷ್ಟೆಂದು ಸಿಗುತ್ತದೆ. ನೊಣ ತುಂಬಿಕೊಳ್ಳುವ ಮುನ್ನ ಆ ಎರಿಯ ಎರಡೂ ಬದಿ ನೋಡಿ “ಇದರ ಮೇಲೆ ರಾಣಿ ಇಲ್ಲ” ಅಂತ ಗಟ್ಟಿಯಾಗಿ ಹೇಳಿದೆ. ಪರೀಕ್ಷಕರ ಪೆನ್ನು ಓಡಿದ್ದು ಆಗಲೇ.

ಎಲ್ಲ ಮುಚ್ಚಿದ ಮೇಲೆ ದಾಖಲೆ ಕಾರ್ಡ್ ಬರೆಸಿದರು. ಮೊಟ್ಟೆ ಇದೆ, ಆಹಾರ ಸಾಕಷ್ಟಿದೆ, ರಾಣಿಕೋಶ ಶುರುವಾಗುವ ಬಟ್ಟಲುಗಳೆಲ್ಲ ಖಾಲಿ, ಮೇಲೊಂದು ಜೇನುಕೋಣೆ ಬೇಕು ಎಂದು ಬರೆದೆ. “ಮತ್ತೆ ಯಾವಾಗ ತೆರೀತೀರಿ?” ಏಳು ದಿನಕ್ಕೆ ಅಂದೆ. ಇವತ್ತೇ ಆ ಬಟ್ಟಲಿಗೆ ಮೊಟ್ಟೆ ಬಿದ್ದರೂ ಕೋಶ ಮುಚ್ಚಲು ಎಂಟು ದಿನವಾದರೂ ಬೇಕು, ಕುಟುಂಬ ಪಾಲಾಗಿ ಹಾರುವುದು ಸಾಮಾನ್ಯವಾಗಿ ಅದು ಮುಚ್ಚುವ ಹೊತ್ತಿಗೆ. ಅಷ್ಟರೊಳಗೆ ನಾನು ಅಲ್ಲಿರುತ್ತೇನೆ.