ವೃಷಭಾವತಿ ಪಕ್ಕದ ಬೋರ್‌ವೆಲ್: ಕಾಯಿಸಿ ಕುಡಿದ್ರೆ ಕ್ರೋಮಿಯಂ ಹೋಗಲ್ಲ

ಬೆಂಗಳೂರಿನ ಬಸವನಗುಡಿ ಕಡೆ ಹುಟ್ಟಿ ಮೈಸೂರ್ ರೋಡ್, ಕೆಂಗೇರಿ ದಾಟಿ ಬಿಡದಿ ಹತ್ರ ಬೈರಮಂಗಲ ಕೆರೆಗೆ ಸೇರೋ ವೃಷಭಾವತಿ ನದಿ ಅಂದ್ರೆ ಎಲ್ರಿಗೂ ನೆನಪಾಗೋದು ನೊರೆ ಮತ್ತೆ ಗಬ್ಬು ವಾಸನೆ. ನೊರೆ ಬಹುಪಾಲು ಸೋಪಿನ ಪುಡೀದು, ವಾಸನೆ ಕಕ್ಕಸು ನೀರಿಂದು. ನಂಗೆ ಜಾಸ್ತಿ ಭಯ ಆಗೋದು ಪ್ಲೇಟಿಂಗ್ ಯೂನಿಟ್‌ಗಳ (ಲೋಹದ ಸಾಮಾನಿಗೆ ಹೊಳಪಿನ ಲೇಪ ಹಾಕೋ ಕಾರ್ಖಾನೆಗಳ) ಕ್ರೋಮಿಯಂ, ನಿಕಲ್ ಲೋಹ ಕಂಡ್ರೆ, ಕಣ್ಣಿಗೂ ಮೂಗಿಗೂ ಗೊತ್ತೇ ಆಗಲ್ವಲ್ಲ ಅದಕ್ಕೆ. ಪೀಣ್ಯ ಕೈಗಾರಿಕಾ ಪ್ರದೇಶದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿರೋದು ಹಳೇ ಸುದ್ದಿ.

ಬೋರ್‌ವೆಲ್ ನೀರು ಕಾಯಿಸಿದ್ರೆ ಕ್ರಿಮಿ ಸಾಯುತ್ತೆ ಅಷ್ಟೇ, ಲೋಹ ಅಲ್ಲೇ ಇರುತ್ತೆ, ನೀರು ಆವಿಯಾದಷ್ಟೂ ಲೋಹದ ಪ್ರಮಾಣ ಸ್ವಲ್ಪ ಜಾಸ್ತಿನೇ ಆಗುತ್ತೆ. ಕ್ಯಾಂಡಲ್ ಫಿಲ್ಟರು, ಯುವಿ ಯಾವುದೂ ಪ್ರಯೋಜನ ಇಲ್ಲ, ಆರ್‌ಒ ಬೇಕು. ಆದ್ರೆ ಆರ್‌ಒ ಹೊರಗೆ ಬಿಡೋ ವೇಸ್ಟ್ ನೀರಲ್ಲಿ ಲೋಹ ಇನ್ನೂ ಜಾಸ್ತಿ ಇರುತ್ತೆ, ಅದನ್ನ ಕರಿಬೇವು, ಕೊತ್ತಂಬರಿ ಗಿಡಕ್ಕೆ ಹಾಕ್ಬೇಡಿ.

ಮೊದ್ಲು ಟೆಸ್ಟ್ ಮಾಡಿಸಿ. ಟಿಡಿಎಸ್ ಮೀಟರ್ ನಂಬ್ಕೋಬೇಡಿ, ಅದು ಒಟ್ಟು ಉಪ್ಪಿನಂಶ ಹೇಳುತ್ತೆ, ಕ್ರೋಮಿಯಂ ಇದ್ಯೋ ಇಲ್ವೋ ಅಂತ ಹೇಳಲ್ಲ. ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ರಾಷ್ಟ್ರೀಯ ಸಂಸ್ಥೆ) ಮಾನ್ಯತೆ ಇರೋ ಲ್ಯಾಬ್‌ಗೆ ಹೋಗಿ ಬರೀ 'ಕುಡಿಯೋ ನೀರಿನ ಟೆಸ್ಟ್' ಅಂದ್ರೆ ಎಷ್ಟೋ ಕಡೆ ಪಿಎಚ್, ಗಡಸು, ಕೋಲಿಫಾರ್ಮ್ ಬ್ಯಾಕ್ಟೀರಿಯಾ ನೋಡಿ ಕಳಿಸಿಬಿಡ್ತಾರೆ, ಅದಕ್ಕೆ ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ, ನಿಕಲ್ ಅಂತ ಹೆಸರು ಹಿಡಿದು ಕೇಳಿ. ಬಾಟ್ಲಿ ಲ್ಯಾಬಿಂದನೇ ತಗೊಳ್ಳಿ, ಒಳಗೆ ಎರಡು ಹನಿ ಆ್ಯಸಿಡ್ ಇರುತ್ತೆ, ತೊಳೀಬೇಡಿ. ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ಜಾಸ್ತಿ ವಿಷದ ರೂಪ) ಬೇರೆ ನೋಡಿಸೋದಾದ್ರೆ ಆ ಬಾಟ್ಲಿ ಆಗಲ್ಲ, ಆ್ಯಸಿಡ್ ಇಲ್ಲದ್ದರಲ್ಲಿ ಹಿಡಿದು 24 ಗಂಟೆಯೊಳಗೆ ಮುಟ್ಟಿಸಿ. ಪಂಪ್ ಸ್ವಲ್ಪ ಹೊತ್ತು ಓಡಿಸಿ ಆಮೇಲೆ ಹಿಡೀರಿ, ಸಂಪಿನ ನೀರು ಬೇಡ. ಕುಡಿಯೋ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ ಲೀಟರಿಗೆ ಒಟ್ಟು ಕ್ರೋಮಿಯಂ 0.05 ಮಿಲಿಗ್ರಾಂ, ಸೀಸ 0.01, ಕ್ಯಾಡ್ಮಿಯಂ 0.003 ದಾಟಬಾರದು.

ಸೊಪ್ಪಿನ ವಿಷ್ಯ. ಮೋರಿ ನೀರಲ್ಲಿ ಬೆಳೆದ ಪಾಲಕ್, ದಂಟು ಲೋಹನ ಬೇರಿಂದ ಎಳ್ಕೊಳ್ಳುತ್ತೆ, ಉಪ್ಪು ನೀರಲ್ಲಿ ನೆನೆಸಿದ್ರೂ ಮೇಲಿನ ಕೊಳೆ ಮಾತ್ರ ಹೋಗೋದು. ರೈತರಿಗೆ ಬೇರೆ ನೀರೇ ಇಲ್ಲ ಅಂದ್ರೆ ಸೊಪ್ಪು, ಬೇರು ತರಕಾರಿ ಬಿಟ್ಟು ಹೂವು ಥರದ್ದು ಹಾಕೋದು ವಾಸಿ (ಹೇಳೋದು ಸುಲಭ, ದುಡ್ಡಿನ ಲೆಕ್ಕ ಬೇರೆನೇ ಅಂತ ಗೊತ್ತು).

ಮಳೇಲಿ ರಾಜಕಾಲುವೆ ಉಕ್ಕಿ ಮನೆಗೆ ನೀರು ನುಗ್ಗಿದ್ರೆ ಗಮ್‌ಬೂಟು, ಗ್ಲೌಸ್ ಇಲ್ದೆ ಇಳೀಬೇಡಿ. ಉಳಿದ ಕೆಸರನ್ನ ಒಣಗಿಸಿ ಗುಡಿಸೋದು ತಪ್ಪು, ಧೂಳಾಗಿ ಮೂಗಿಗೆ ಹೋಗುತ್ತೆ, ಒದ್ದೆ ಇರುವಾಗ್ಲೇ ಬಾಚಿ ತೆಗೀರಿ. ಎರಡು ಮೂರು ವಾರದೊಳಗೆ ಜ್ವರ ಬಂದ್ರೆ ಮೋರಿ ನೀರಲ್ಲಿ ನಿಂತಿದ್ದೆ ಅಂತ ಡಾಕ್ಟರ್‌ಗೆ ನೀವಾಗೇ ಹೇಳಿ, ಇಲಿಜ್ವರ ಇರಬಹುದು. ಇನ್ನು ಕಟ್ಕೊಂಡ ಮ್ಯಾನ್‌ಹೋಲ್‌ಗೆ ಯಾರನ್ನೂ ಇಳಿಸ್ಬೇಡಿ, ಮೋರಿಯ ವಿಷಗಾಳಿ ಹೈಡ್ರೋಜನ್ ಸಲ್ಫೈಡ್ ಜಾಸ್ತಿಯಾದ್ರೆ ಮೂಗೇ ಮರಗಟ್ಟಿ ವಾಸನೆ ಹೋದಂಗೆ ಆಗುತ್ತೆ, ಪ್ರಾಣ ಹೋಗೋದು ಆಗ್ಲೇ.

ಈ ಲೋಹದ ನೀರನ್ನ ಕ್ಲೀನ್ ಮಾಡ್ಬೇಕಾದ್ದು ಎಲ್ಲಿ ಅಂದ್ರೆ ಪ್ಲೇಟಿಂಗ್ ಯೂನಿಟ್ ಒಳಗೇ. ಕ್ರೋಮಿಯಂ ತೊಳೆದ ನೀರನ್ನ ಬೇರೆ ಟ್ಯಾಂಕಲ್ಲಿ ಹಿಡಿದು, ಆ್ಯಸಿಡ್ ಹಾಕಿ ಪಿಎಚ್ 2-3ಕ್ಕೆ ಇಳಿಸಿ ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿದ್ರೆ ಹಳದಿ ನೀರು ಹಸಿರಾಗುತ್ತೆ, ಆಮೇಲೆ ಸುಣ್ಣ ಹಾಕಿ 8-9ಕ್ಕೆ ಏರಿಸಿದ್ರೆ ಕ್ರೋಮಿಯಂ ಹಸಿರು ಕೆಸರಾಗಿ ತಳಕ್ಕೆ ಕೂರುತ್ತೆ. ಆ ಕೆಸರು ಖಾಲಿ ಸೈಟಿಗಲ್ಲ, ದಾಬಸ್‌ಪೇಟೆಯಂಥ ಅಪಾಯಕಾರಿ ತ್ಯಾಜ್ಯದ ಜಾಗಕ್ಕೇ ಹೋಗ್ಬೇಕು. ಒಂದ್ಸಲ ಮೋರಿಗೆ ಬಿಟ್ಟ ಮೇಲೆ ಕೆಳಗಿನ ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಏನೂ ಮಾಡಕ್ಕಾಗಲ್ಲ, ಅದನ್ನ ಕಟ್ಟಿರೋದೇ ಕಕ್ಕಸು ನೀರಿಗೆ.

ಯಾರಾದ್ರೂ ಇಂಥ ನೀರನ್ನ ರಾತ್ರಿ ಮೋರಿಗೆ ಬಿಡೋದು ಕಂಡ್ರೆ ಟ್ಯಾಂಕರ್ ಹಿಂದೆ ಓಡ್ಬೇಡಿ. ದೂರದಿಂದ್ಲೇ ಜಾಗ, ಟೈಮ್, ನೀರಿನ ಬಣ್ಣ ಕಾಣೋ ಫೋಟೋ ತೆಗೆದು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಬರೆದು ಕೊಡಿ, ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ಆಮೇಲೆ 10 ರೂಪಾಯಿ ಆರ್‌ಟಿಐ ಹಾಕಿ ಆ ಯೂನಿಟ್‌ಗೆ ಮಂಡಳಿ ಕೊಟ್ಟ ಒಪ್ಪಿಗೆ ಪತ್ರ, ನೀರಿನ ವರದಿ ಕೇಳಿ, ಒಂದೇ ವಿಷ್ಯ, 150 ಪದದೊಳಗೆ. 30 ದಿನದಲ್ಲಿ ಉತ್ತರ ಬರದಿದ್ರೆ ಮೊದಲ ಮೇಲ್ಮನವಿ ಹಾಕಿ.