ದೋಷ ಇದೆ, ಶಾಂತಿ ಮಾಡಿಸಿ ಅಂದಾಗ ಏನು ಮಾಡಬೇಕು?

ಮಗಳ ಮದುವೆ ತಡ ಆಗುತ್ತಿದೆ, ಅಥವಾ ಮಕ್ಕಳಾಗಿಲ್ಲ, ಅಥವಾ ಅಂಗಡಿ ನಷ್ಟದಲ್ಲಿದೆ. ಯಾರೋ ಜಾತಕ ತೋರಿಸಿ ಅಂದರು, ತೋರಿಸಿದ್ದೂ ಆಯ್ತು. ದೋಷ ಇದೆ, ಶಾಂತಿ ಆಗಬೇಕು ಅಂತ ಉತ್ತರ ಬಂತು. ಜೊತೆಗೆ ಸಾಮಾನಿನ ಚೀಟಿ, ಅದರ ಕೊನೆಯಲ್ಲಿ ಒಂದು ದೊಡ್ಡ ಮೊತ್ತ. ಈಗೇನು ಮಾಡುವುದು?

ನನಗೆ ದೇವರ ಮೇಲೆ ನಂಬಿಕೆ ಇಲ್ಲ. ಆದರೂ ಪೂಜೆ ಗೀಜೆ ಎಲ್ಲ ದಂಡ, ಬಿಟ್ಟು ಎದ್ದು ಬನ್ನಿ ಅಂತ ನಾನು ಹೇಳುವುದಿಲ್ಲ. ಹಾಗೆ ಹೇಳಿದರೆ ಮನೆಯಲ್ಲಿ ಯಾರೂ ಕೇಳುವುದಿಲ್ಲ ಅನ್ನೋದು ಇರಲಿ, ಅದು ಸರಿಯೂ ಅಲ್ಲ. ಗೌರಿ ಹಬ್ಬದ ಹಿಂದಿನ ರಾತ್ರಿ ಮನೆಮಂದಿ ಸೇರಿ ಮಂಟಪ ಕಟ್ಟುತ್ತಾ ಹರಟುವುದು ಬೇರೆ, ಹೆದರಿಸಿ ಮಾಡಿಸುವ ಶಾಂತಿ ಬೇರೆ. ನಾನು ನೋಡುವುದು ಒಂದನ್ನೇ. ಇದನ್ನು ಮಾಡದಿದ್ದರೆ ಏನೋ ಆಗಿಬಿಡುತ್ತೆ ಅನ್ನುವ ಹೆದರಿಕೆ ಇದೆಯಾ? ಇದ್ದರೆ, ಅಡ್ವಾನ್ಸ್ ಕೊಡುವ ಮೊದಲು ಸ್ವಲ್ಪ ತಡೆಯಿರಿ.

ಮೊದಲು ಲೆಕ್ಕ ಹಾಕಿ

ಮದುವೆಗೆ ಅಡ್ಡಿ ಅನ್ನುವ ಕುಜದೋಷವನ್ನೇ ತೆಗೆದುಕೊಳ್ಳಿ. ಜಾತಕದಲ್ಲಿ ಲಗ್ನದಿಂದ, ಅಂದರೆ ಹುಟ್ಟಿದ ಹೊತ್ತಿಗೆ ಪೂರ್ವದಲ್ಲಿ ಮೂಡುತ್ತಿದ್ದ ರಾಶಿಯಿಂದ ಎಣಿಸಿ, 2, 4, 7, 8, 12ನೇ ಮನೆಯಲ್ಲಿ ಕುಜ ಕೂತಿದ್ದರೆ ದೋಷ ಅನ್ನುತ್ತಾರೆ. ಕೆಲವರು 1ನೇ ಮನೆಯನ್ನೂ ಸೇರಿಸುತ್ತಾರೆ. ಇರುವುದೇ 12 ಮನೆ, ಅದರಲ್ಲಿ 5 ದೋಷದ್ದು. ಅಂದರೆ ಹುಟ್ಟಿದವರಲ್ಲಿ ನೂರಕ್ಕೆ 40ಕ್ಕಿಂತ ಜಾಸ್ತಿ ಜನ ಇಲ್ಲೇ ಸಿಕ್ಕಿಬಿದ್ದರು. ಇಷ್ಟು ಸಾಲದು ಅಂತ ಚಂದ್ರನಿಂದಲೂ ಎಣಿಸುತ್ತಾರೆ, ಶುಕ್ರನಿಂದಲೂ ಎಣಿಸುತ್ತಾರೆ. ಮೂರೂ ಕಡೆಯಿಂದ ಎಣಿಸಿದರೆ ಹೆಚ್ಚುಕಡಿಮೆ ಐದು ಜನರಲ್ಲಿ ನಾಲ್ವರಿಗೆ ಎಲ್ಲೋ ಒಂದು ಕಡೆ ದೋಷ ತಗುಲುತ್ತೆ. ಐದರಲ್ಲಿ ನಾಲ್ಕು ಜನಕ್ಕೆ ಇರುವುದನ್ನು ದೋಷ ಅಂತ ಹೇಗೆ ಕರೆಯುವುದು, ನೀವೇ ಹೇಳಿ.

ಇಷ್ಟಕ್ಕೇ ಮುಗಿಯಲ್ಲ. ಕುಜ ತನ್ನದೇ ರಾಶಿಯಲ್ಲಿದ್ದರೆ ದೋಷ ಇಲ್ಲ, ಗುರುವಿನ ದೃಷ್ಟಿ ಬಿದ್ದರೆ ಇಲ್ಲ, ಗಂಡು ಹೆಣ್ಣು ಇಬ್ಬರಿಗೂ ಇದ್ದರೆ ಇಲ್ಲ ಅಂತ ವಿನಾಯಿತಿಗಳ ಉದ್ದ ಪಟ್ಟಿಯೂ ಇದೆ. ಹುಡುಗ ಒಳ್ಳೆ ಕೆಲಸದಲ್ಲಿದ್ದು ಎರಡೂ ಮನೆಯವರಿಗೆ ಒಪ್ಪಿಗೆ ಆಗಿದ್ದರೆ ಈ ಪಟ್ಟಿ ತಕ್ಷಣ ಹೊರಗೆ ಬರುತ್ತೆ, ಗಮನಿಸಿದ್ದೀರಾ?

ರಾಹುಕಾಲವೂ ಇದೇ ತರಹ. ಹಗಲನ್ನು ಎಂಟು ಭಾಗ ಮಾಡಿ ಒಂದು ಭಾಗವನ್ನು ರಾಹುವಿಗೆ ಬಿಟ್ಟಿದ್ದಾರೆ, ಸುಮಾರು ಒಂದೂವರೆ ಗಂಟೆ. ಸೋಮವಾರ ಬೆಳಿಗ್ಗೆ ಏಳೂವರೆಯಿಂದ ಒಂಬತ್ತು. ನಾಡಿನ ಅರ್ಧ ಜನ ಆಗಲೇ ಕೆಲಸಕ್ಕೆ ಹೊರಡುವುದು.

ಆಮೇಲೆ ಪರೀಕ್ಷೆ ಮಾಡಿ

ಒಂದೇ ಜಾತಕವನ್ನು ಮೂವರು ಜ್ಯೋತಿಷಿಗಳಿಗೆ ತೋರಿಸಿ. ಬೇರೆ ಬೇರೆ ಊರಿನವರಾದರೆ ಇನ್ನೂ ಒಳ್ಳೆಯದು. ನಿಮ್ಮ ಕಷ್ಟ ಏನು ಅಂತ ಮಾತ್ರ ಹೇಳಬೇಡಿ. ಇದು ಬಹಳ ಮುಖ್ಯ. ನಾವು ಬಾಗಿಲಲ್ಲೇ ಅರ್ಧ ಕಥೆ ಹೇಳಿಬಿಡುತ್ತೇವೆ, ಮಿಕ್ಕದ್ದನ್ನು ನಮ್ಮ ಮುಖವೇ ಹೇಳುತ್ತೆ. ಸುಮ್ನೆ ಕೂತು, ಅವರು ಹೇಳಿದ್ದನ್ನೆಲ್ಲ ಬರೆದುಕೊಂಡು, ಮನೆಗೆ ಬಂದು ಮೂರೂ ಹಾಳೆ ಪಕ್ಕಪಕ್ಕ ಇಟ್ಟು ನೋಡಿ.

ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿ ನೋಡಿದವರು ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್. 2008ರಲ್ಲಿ ಮಹಾರಾಷ್ಟ್ರದಲ್ಲಿ ನಡೆದದ್ದು. ಓದಿನಲ್ಲಿ ಮುಂದಿರುವ ಮಕ್ಕಳು, ಬುದ್ಧಿಮಾಂದ್ಯ ಮಕ್ಕಳು, ಹೀಗೆ ಎರಡು ಗುಂಪಿನಿಂದ ಒಟ್ಟು 200 ಜಾತಕ ಸೇರಿಸಿ, ಒಬ್ಬೊಬ್ಬ ಜ್ಯೋತಿಷಿಗೆ 40 ಕೊಟ್ಟು, ಯಾವುದು ಯಾವ ಗುಂಪಿನದು ಹೇಳಿ ಅಂದರು. ಉತ್ತರ ಕಳಿಸಿದವರು 27 ಜನ. ಸರಿಯಾಗಿದ್ದದ್ದು ಶೇಕಡ 46. ನಾಣ್ಯ ಚಿಮ್ಮಿಸಿ ಹೇಳಿದ್ದರೂ ಶೇಕಡ 50 ಬರುತ್ತಿತ್ತು. ನಮ್ಮಲ್ಲಿ ಇಂಥ ಕೆಲಸಕ್ಕೆ ಅದಕ್ಕೂ ಬಹಳ ಮೊದಲೇ ಕೈ ಹಾಕಿದ್ದವರು ಎಚ್. ನರಸಿಂಹಯ್ಯನವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿಯನ್ನೇ ಮಾಡಿದ್ದರು.

ಪೂಜೆ ಮಾಡಿಸಲೇಬೇಕು ಅಂತ ಮನೆಯಲ್ಲಿ ತೀರ್ಮಾನ ಆಗಿದ್ದರೆ ಅದಕ್ಕೂ ಒಂದು ದಾರಿ ಇದೆ. ಮಾಡಿಸುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಡಿ: ಏನು ಆಗಬೇಕು, ಯಾವ ತಿಂಗಳ ಒಳಗೆ ಆಗಬೇಕು, ಆಗದಿದ್ದರೆ ಪೂಜೆ ಕೆಲಸ ಮಾಡಿಲ್ಲ ಅಂತ ಒಪ್ಪುತ್ತೀರಾ. ಬರೆಯದಿದ್ದರೆ ಏನಾಗುತ್ತೆ ಗೊತ್ತಲ್ಲ, ಎರಡು ವರ್ಷ ಬಿಟ್ಟು ಸಂಬಂಧ ಕೂಡಿಬಂದರೂ ಅದು ಆ ಶಾಂತಿಯ ಫಲವೇ ಆಗುತ್ತೆ, ಬರದಿದ್ದರೆ ಸಂಕಲ್ಪದಲ್ಲಿ ಏನೋ ಲೋಪ, ಇನ್ನೊಂದು ಸಲ ಮಾಡಿಸಿ. ಜನ ಜಾತಕ ಹಿಡಿದು ಹೋಗುವುದೇ ಕಷ್ಟ ತೀರಾ ಜಾಸ್ತಿ ಆದಾಗ. ಅಲ್ಲಿಂದ ಮುಂದೆ ಏನೂ ಮಾಡದಿದ್ದರೂ ಸುಮಾರು ಜನಕ್ಕೆ ಪರಿಸ್ಥಿತಿ ಸ್ವಲ್ಪ ಸುಧಾರಿಸುತ್ತೆ. ಸುಧಾರಿಸಿದವರು ಊರೆಲ್ಲ ಹೇಳುತ್ತಾರೆ. ಸುಧಾರಿಸದವರು ಬಾಯಿ ಬಿಡುವುದಿಲ್ಲ.

ಮಕ್ಕಳಾಗಿಲ್ಲ ಅನ್ನುವ ವಿಷಯದಲ್ಲಂತೂ ಕಾಯಬೇಡಿ. ಸರ್ಪಸಂಸ್ಕಾರ, ಆಶ್ಲೇಷಾ ಬಲಿ, ಹರಕೆ ಅಂತ ವರ್ಷಗಳು ಹೋಗುತ್ತವೆ, ಹೆಂಗಸಿನ ವಯಸ್ಸು ಏರುತ್ತೆ, ಗಂಡ ಒಂದು ಸಾಮಾನ್ಯ ವೀರ್ಯ ಪರೀಕ್ಷೆಯನ್ನೂ ಮಾಡಿಸಿರುವುದಿಲ್ಲ. ಇಬ್ಬರೂ ಮೊದಲು ಡಾಕ್ಟರ ಹತ್ತಿರ ಹೋಗಿ. ಬರುವ ದಾರಿಯಲ್ಲಿ ಬೇಕಿದ್ದರೆ ದೇವಸ್ಥಾನಕ್ಕೂ ಹೋಗಿ, ಯಾರು ಬೇಡ ಅಂದರು?

ಬಗ್ಗಬಾರದ ಜಾಗ

ಇಷ್ಟೊತ್ತು ಹೊಂದಾಣಿಕೆ ಮಾತಾಡಿದೆ. ಆದರೆ ಒಂದು ಜಾಗದಲ್ಲಿ ಹೊಂದಾಣಿಕೆ ಬೇಡ. ಯಾರದೋ ಮೈಗೆ, ಮಾನಕ್ಕೆ ಪೆಟ್ಟು ಬೀಳುತ್ತಿದ್ದರೆ ಅಲ್ಲಿ ಸಂಪ್ರದಾಯ ಅಂತ ಸುಮ್ಮನಿರಬಾರದು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿ ಹತ್ತಿರ ಅಂಗವಿಕಲ ಮಕ್ಕಳನ್ನು ವಾಸಿಯಾಗಲಿ ಅಂತ ಕತ್ತಿನವರೆಗೆ ಮಣ್ಣಲ್ಲಿ ಹೂತರು. ಗ್ರಹಣ ಅಂದರೆ ನೆರಳು ಅಂತ ಆರ್ಯಭಟ ಹೇಳಿ ಒಂದೂವರೆ ಸಾವಿರ ವರ್ಷ ಆಗಿತ್ತು. ನಿಮ್ಮ ಮನೆಯಲ್ಲಿ ಬಸುರಿಯನ್ನು ಗ್ರಹಣ ಬಿಡುವವರೆಗೆ ಉಪವಾಸ ಕೂರಿಸಿದರೆ ಅಡುಗೆಮನೆಗೆ ಹೋಗಿ ನೀವೇ ತಟ್ಟೆ ಹಾಕಿ ಕೊಡಿ. ಅಷ್ಟು ಜಗಳ ಆಡಲೇಬೇಕು.

ದೆವ್ವ ಬಿಡಿಸುತ್ತೇವೆ ಅಂತ ಹೊಡೆಯುವುದು, ನಿಧಿಗಾಗಿ ವಾಮಾಚಾರ ಮಾಡುವುದು, ಹಾವು ಕಚ್ಚಿದವರನ್ನು ಆಸ್ಪತ್ರೆಗೆ ಬಿಡದೆ ಮಂತ್ರ ಹಾಕುವುದು ಇವೆಲ್ಲ ಕರ್ನಾಟಕದ 2017ರ ಮೌಢ್ಯ ನಿಷೇಧ ಕಾಯ್ದೆಯಲ್ಲಿ ಅಪರಾಧ. ಅದು 2020ರ ಜನವರಿಯಿಂದ ಜಾರಿಯಲ್ಲಿದೆ, ಪೊಲೀಸರಿಗೆ ದೂರು ಕೊಡಬಹುದು. ಜ್ಯೋತಿಷ, ವಾಸ್ತು ಮಾತ್ರ ಅದರ ಹೊರಗಿವೆ, ಹಾಗಾಗಿ ಚೀಟಿ ಬರೆದುಕೊಡುವವರ ವಿಷಯದಲ್ಲಿ ನಿಮ್ಮ ಬುದ್ಧಿಯೇ ನಿಮಗೆ ಕಾವಲು.

ಬೇಡ ಅಂದಮೇಲೆ

ಶಾಂತಿ ಬೇಡ ಅಂತ ಬಿಟ್ಟಿರಿ ಅಂದುಕೊಳ್ಳಿ. ಮೊದಲ ಕೆಲವು ವಾರ ಹೆದರಿಕೆ ಬರುತ್ತೆ. ಓದಿದವರಿಗೂ ಬರುತ್ತೆ. ಅಷ್ಟರಲ್ಲಿ ಯಾರಿಗೋ ಜ್ವರ, ಗಾಡಿ ಪಂಕ್ಚರ್, ಹಾಲು ಉಕ್ಕಿ ಒಲೆ ಆರಿತು, ಎಲ್ಲಕ್ಕೂ ನೀವೇ ಕಾರಣ. "ಅವತ್ತೇ ಮಾಡಿಸಿದ್ದಿದ್ದರೆ ಹೀಗಾಗುತ್ತಿರಲಿಲ್ಲ" ಅನ್ನುವ ಮಾತು ಬಂದೇ ಬರುತ್ತೆ. ವಾದಕ್ಕಿಳಿಯಬೇಡಿ, ಅದರಲ್ಲೂ ನೆಂಟರ ಮುಂದೆ. ಅಮ್ಮ ಒಬ್ಬರೇ ಇದ್ದಾಗ, ನಿನಗೆ ನಿಜವಾಗಿ ಏನು ಹೆದರಿಕೆ ಅಂತ ಕೇಳಿ. ಗ್ರಹದ ಮಾತು ಎರಡೇ ನಿಮಿಷದಲ್ಲಿ ಮುಗಿಯುತ್ತೆ. ಆಮೇಲೆ ಬರುವುದು, ನಾನು ಹೋದಮೇಲೆ ಇವಳನ್ನು ಯಾರು ನೋಡಿಕೊಳ್ಳುತ್ತಾರೆ ಅನ್ನುವ ಮಾತು. ಆ ಪ್ರಶ್ನೆಗೆ ಹೋಮದಲ್ಲಿ ಉತ್ತರ ಇಲ್ಲ. ಮಗಳ ಕೆಲಸ, ಅವಳ ಹೆಸರಲ್ಲಿ ಒಂದಿಷ್ಟು ದುಡ್ಡು, ಅಣ್ಣತಮ್ಮಂದಿರ ಜೊತೆ ಒಂದು ಸ್ಪಷ್ಟ ಮಾತುಕತೆ, ಇಲ್ಲಿ ಇರಬಹುದು.

ಈ ಹೆದರಿಕೆ ಇಳಿದಮೇಲೆ ಒಂದು ವಿಚಿತ್ರ ನಡೆಯುತ್ತೆ. ಹಬ್ಬಗಳು ಮತ್ತೆ ಇಷ್ಟ ಆಗತೊಡಗುತ್ತವೆ. ಮಡಿ ತಪ್ಪಿತಾ, ಮುಹೂರ್ತ ಮೀರಿತಾ ಅನ್ನುವ ತಲೆಬಿಸಿ ಇಲ್ಲದೆ ಕೂತರೆ ಭಜನೆ ಚೆನ್ನಾಗಿರುತ್ತೆ, ಪಾಯಸವೂ ಚೆನ್ನಾಗಿರುತ್ತೆ. ನಂಬದವರೂ ಬಡಿಸುವುದಕ್ಕೆ ನಿಲ್ಲಬಹುದು, ಮಂಗಳಾರತಿ ಮುಗಿಯಲಿ ಅಂತ ಕಾಯಬೇಕು ಅಷ್ಟೇ. ಇನ್ನೊಂದು ಮಾತು. ಶಾಂತಿಯ ಚೀಟಿಯನ್ನು ಎಷ್ಟು ಬೇಕಾದರೂ ಪ್ರಶ್ನಿಸಿ, ಆದರೆ ಹಬ್ಬಕ್ಕೆ ನೀವೇ ಕರೆದ ಪುರೋಹಿತರ ಹತ್ತಿರ ದಕ್ಷಿಣೆಗೆ ಚೌಕಾಸಿ ಮಾಡಬೇಡಿ. ಮೊದಲೇ ಮಾತಾಡಿ, ಒಪ್ಪಿದ್ದನ್ನು ಪೂರ್ತಿ ಕೊಡಿ. ಅವರು ಅವತ್ತು ಇನ್ನೂ ನಾಲ್ಕು ಮನೆಗೆ ಹೋಗಬೇಕಿರುತ್ತೆ.