ಬೂದು ಪುಣೆಯಲ್ಲಿ ಕೆಂಪು ಜಮಖಾನ ಮಾರಿದ್ದು

"ಕೋಥರೂಡಿನ ಫ್ಲಾಟಿನಲ್ಲಿ ಕೆಂಪು ಜಮಖಾನಾನಾ? ಮದುವೆ ಮಂಟಪ ಮಾಡ್ತೀರೇನು?" ಅಂತ ನಕ್ಕಿದ್ದ ಇಂಟೀರಿಯರ್ ಡಿಸೈನರ್ ಒಬ್ಬರು ಈಗ ತಿಂಗಳಿಗೆ ಎರಡು ಮೂರು ಗಿರಾಕಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಕಮಿಷನ್ನೂ ಕೇಳುತ್ತಾರೆ, ಅದು ಬೇರೆ ಮಾತು.

ನಮ್ಮದು ಪುಣೆಯ ಪೌಡ್ ರಸ್ತೆಯ ಒಳಗಲ್ಲಿಯಲ್ಲಿ ಪರದೆ, ಸೋಫಾ ಬಟ್ಟೆ, ಕಾರ್ಪೆಟ್ ಅಂಗಡಿ. ಹುಬ್ಬಳ್ಳಿ ಬಿಟ್ಟು ಬಂದು 19 ವರ್ಷ ಆಯಿತು. 2015ರ ಆಸುಪಾಸಿನಿಂದ ಎಲ್ಲರೂ ಕೇಳಿದ್ದು ಒಂದೇ ಬಣ್ಣ, ಗ್ರೇ. ಗೋಡೆ ಗ್ರೇ, ಸೋಫಾ ಗ್ರೇ, ಪರದೆಯೂ ಗ್ರೇ. ಮಳೆಗಾಲದಲ್ಲಿ ಹಿಂಜವಾಡಿ ಕಡೆ ಅಳತೆಗೆ ಹೋದರೆ ಹೊರಗೂ ಮೋಡ, ಮನೆ ಒಳಗೂ ಮೋಡ. ನಾನೂ ಅದನ್ನೇ ಮಾರಿದೆ, ಸುಳ್ಳು ಯಾಕೆ ಹೇಳಲಿ.

2019ರ ದೀಪಾವಳಿಗೆ ಮುಂಚೆ ಉತ್ತರ ಪ್ರದೇಶದ ಭದೋಹಿಯಿಂದ 40 ಟಫ್ಟೆಡ್ ಕಾರ್ಪೆಟ್ ತರಿಸಿದೆ, ಅಂದರೆ ಬಟ್ಟೆಗೆ ಎಳೆ ಚುಚ್ಚಿ ಹಿಂದೆ ಲೇಟೆಕ್ಸ್ ಅಂಟು ಬಳಿದವು. 5 ಬೈ 8 ಅಳತೆ, ರೇಷ್ಮೆಯ ಹಾಗೆ ಹೊಳೆಯುವ ಗ್ರೇ ವಿಸ್ಕೋಸ್ ನೂಲು, ಒಂದಕ್ಕೆ 6,000ದ ಹತ್ತಿರ. ವಿಸ್ಕೋಸಿಗೆ ನೀರು ಆಗಿಬರೋದಿಲ್ಲ ಅಂತ ನಮ್ಮ ವ್ಯಾಪಾರದಲ್ಲಿ ಯಾರಿಗೆ ಗೊತ್ತಿಲ್ಲ? ಗೊತ್ತಿದ್ದೂ ಹೊಳಪು ನೋಡಿ ಮರುಳಾದೆ. ಒಬ್ಬರ ಮನೆಯಲ್ಲಿ ಚಹಾ ಚೆಲ್ಲಿತು. ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಉಜ್ಜಿದರು. ಒಣಗಿದ ಮೇಲೆ ಅಂಗೈಯಗಲ ಹಳದಿ ಕಲೆ, ಮಲಗಿದ ಎಳೆ ಮತ್ತೆ ಏಳಲೇ ಇಲ್ಲ. ಹದಿನೈದು ಕಾರ್ಪೆಟ್ ಹೋಗುವಷ್ಟರಲ್ಲಿ ಲಾಕ್‌ಡೌನ್ ಬಂತು. ಮುಚ್ಚಿದ ಗೋಡೌನಿನಲ್ಲಿ ಜುಲೈ ತೇವಕ್ಕೆ ಹಿಂಬದಿಯ ಲೇಟೆಕ್ಸ್ ನಾತ ಹೊಡೆಯತೊಡಗಿತು. ಉಳಿದ 25ನ್ನು 2,500ರಂತೆ ಕೈ ತೊಳೆದುಕೊಂಡೆ. ಸುಮಾರು 90,000 ನಷ್ಟ. ನಮ್ಮ ಯಜಮಾನರು ಈಗಲೂ ಸಿಟ್ಟು ಬಂದಾಗ ಆ ಲೆಕ್ಕ ತೆಗೆಯುತ್ತಾರೆ.

ಕೆಂಪಿನ ಯೋಚನೆ ಬಂದದ್ದೂ ಅದೇ ಲಾಕ್‌ಡೌನಿನಲ್ಲಿ. ಮನೆಯಿಂದಲೇ ಆಫೀಸ್ ಕೆಲಸ ಮಾಡುತ್ತಿದ್ದ ಯಜಮಾನರ ಕುರ್ಚಿ ಟೈಲ್ಸ್ ಮೇಲೆ ಕಿರ್ ಕಿರ್ ಅಂತಿತ್ತು ಅಂತ ಅಮ್ಮ ಕೊಟ್ಟಿದ್ದ ನವಲಗುಂದ ಜಮಖಾನ ತೆಗೆದು ಹಾಸಿದೆ. ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿ ಅವರ ಆಫೀಸಿನ ಮೂವರು ಎಲ್ಲಿ ಸಿಗುತ್ತೆ ಅಂತ ಕೇಳಿದರು. ಮೂವರೂ ನನ್ನಿಂದ ಗ್ರೇ ಕಾರ್ಪೆಟ್ ತಗೊಂಡವರೇ!

ನವಲಗುಂದದಲ್ಲಿ ನೇಯುವವರು ಹೆಂಗಸರು. ನಿಂತ ಮಗ್ಗ, ಹತ್ತಿ ನೂಲು, ಪಂಜಾ ಅನ್ನೋ ಲೋಹದ ಬಾಚಣಿಗೆಯಲ್ಲಿ ಬಡಿದು ಬಡಿದು ಕೂಡಿಸುತ್ತಾರೆ. ಊರಿನ ಹೆಸರಿಗೆ ಸಿಗುವ ಜಿಐ ಮಾನ್ಯತೆ ಇದ್ದರೂ ಈಗ ನೇಯುವ ಕೈಗಳು ಕಡಿಮೆ. ಮೊದಲ ಸಲ ಆರು ಹೇಳಿದೆ. ಒಂದೊಂದಕ್ಕೂ ಎರಡು ತಿಂಗಳು ಕಾದೆ, 9-10 ಸಾವಿರ ಬಿತ್ತು. ಸಾಮಾನ್ಯವಾಗಿ ಅವರು ಏಳೆಂಟು ಬಣ್ಣ ಹಾಕುತ್ತಾರೆ. ನಾನು ಮೂರೇ ಸಾಕು ಅಂದೆ. ಜಮಖಾನದ ನಡುಮೈಗೆ ಕಾಚಿನ ಕಂದು ಬಣ್ಣ, ಅಂಚಿಗೆ ಕೆಂಪು, ಪಗಡೆ ಹಾಸಿನ ಗೆರೆಗೆ ಅರಿಶಿನ. ನವಿಲು ಬೇಡವೇ ಬೇಡ. "ಇಷ್ಟು ಸಪ್ಪಗಿದ್ರ ಯಾರು ಹಾಸ್ತಾರ್ರೀ?" ಅಂತ ನೇಯುವಾಕೆ ಫೋನಿನಲ್ಲೇ ಬೈದರು. ಆದರೆ ಬಿಳಿ ವಿಟ್ರಿಫೈಡ್ ಟೈಲ್ಸ್ ಮೇಲೆ ಕೆಂಪು ಮೂರನೇ ಒಂದು ಪಾಲು ದಾಟಿದರೆ ಕಣ್ಣು ಕುಕ್ಕುತ್ತೆ. ಅಮ್ಮನ ಕಾಲದ ಕಡಪಾ ಕಲ್ಲಿನ ನೆಲ ಬೇರೆ, ಅದು ಎಷ್ಟು ಬಣ್ಣವನ್ನಾದರೂ ನುಂಗಿಕೊಳ್ಳುತ್ತಿತ್ತು.

ಆ ಆರರಲ್ಲಿ ಮೊದಲನೆಯದು ವಾಕಡ್‌ಗೆ ಹೋಯಿತು. ಹದಿನೈದು ದಿನಕ್ಕೆ ಫೋನ್. ಹೋಗಿ ನೋಡಿದರೆ ಕೆಲಸದಾಕೆ ನೆಲ ಒರೆಸಿ, ಒದ್ದೆ ಆರುವ ಮೊದಲೇ ಜಮಖಾನ ಹಾಸಿಬಿಟ್ಟಿದ್ದಾಳೆ. ಕೆಂಪು ಬಣ್ಣ ಬಿಟ್ಟಿದೆ. ಟೈಲ್ಸ್ ಮೇಲಿನದು ಒರೆಸಿದರೆ ಹೋಯಿತು, ಟೈಲ್ಸ್ ನಡುವಿನ ಬಿಳಿ ಗ್ರೌಟ್ ಮಾತ್ರ ಗುಲಾಬಿ ಗುಲಾಬಿ. ಉದ್ದಕ್ಕೂ ಗೆರೆ ಎಳೆದ ಹಾಗೆ. ಹಲ್ಲುಜ್ಜುವ ಬ್ರಷ್ ಹಿಡಿದು ಒಂದು ಗಂಟೆ ಕೂತೆ, ಹೋಗಲಿಲ್ಲ. ಕೆರೆಸಿ ಮತ್ತೆ ತುಂಬಿಸಲು ನನ್ನ ಕೈಯಿಂದ 4,500 ಹೋಯಿತು.

ಬಣ್ಣ ಬಿಡದ ಹಾಗೆ ಮಾಡೋಕೆ ಉಪ್ಪು, ವಿನೆಗರ್ ಅಂತೆಲ್ಲ ಹೇಳುವವರಿದ್ದಾರೆ. ಸುಮ್ನೆ. ಎರಡೂ ಮಾಡಿ ನೋಡಿದೆ, ಬಿಳಿ ಬಟ್ಟೆ ಒದ್ದೆ ಮಾಡಿ ಉಜ್ಜಿದರೆ ಕೆಂಪು ಬರೋದು ಬಂದೇ ಬಂತು. ಈಗ ಬಂದ ಮಾಲನ್ನೆಲ್ಲ ಮೂರು ಸಲ ತೊಳೆಸುತ್ತೇನೆ. ಎರಡನೇ ತೊಳೆತದಲ್ಲಿ ಚಹಾ ಡಿಕಾಕ್ಷನ್, ಕೆಂಪಿನ ಕಿರುಚಾಟ ಇಳಿಯುತ್ತೆ. ಮೂರನೆಯದಕ್ಕೆ ಏನು ಹಾಕುತ್ತೇನೆ ಅನ್ನೋದು ನನ್ನ ಹತ್ತಿರವೇ ಇರಲಿ. ಒಂದಕ್ಕೆ 300 ಖರ್ಚು. ಆಮೇಲೆ ಗ್ರೌಟ್ ಫೋನ್ ಬಂದಿಲ್ಲ.

ಇನ್ನೊಂದು ಪೆಟ್ಟು ತಿಂದದ್ದು ಬೆಳಕಿನಿಂದ. ಅಂಗಡಿಯ ಬಿಳಿ ಟ್ಯೂಬಿನಡಿ ಒಬ್ಬರು ಸಾಸಿವೆ ಬಣ್ಣದ ಅಂಚು ಆರಿಸಿದರು, ತುಸು ಹಸಿರು ಛಾಯೆ ಇದ್ದದ್ದು. ಅವರ ಹಾಲಿನಲ್ಲಿ ಪೂರ್ತಿ ಹಳದಿ ಬೆಳಕಿನ ಎಲ್‌ಇಡಿ, 3,000 ಕೆಲ್ವಿನ್. ಸಂಜೆ ದೀಪ ಹಾಕಿದರೆ ಸಾಸಿವೆ ಹೋಗಿ ಕಿತ್ತಳೆ! ವಾಪಸ್ ತಂದರು. ತಪ್ಪು ನನ್ನದೇ. ಈಗ ಅಂಗಡಿಯಲ್ಲಿ ಒಂದು ಮೂಲೆಗೆ 3,000 ಕೆಲ್ವಿನ್‌ನ ಹಳದಿ ದೀಪ, ಇನ್ನೊಂದಕ್ಕೆ 6,500ರ ಬಿಳಿ ದೀಪ ಹಾಕಿಸಿದ್ದೇನೆ. ಎರಡು ಸಾವಿರದೊಳಗೆ ಮುಗಿಯಿತು. ಅದಕ್ಕಿಂತ ಮುಖ್ಯ, ನೂಲಿನ ಕುಚ್ಚುಗಳ ಡಬ್ಬ ಹಿಡಿದು ಸಂಜೆ ಏಳರ ಮೇಲೆ ಗಿರಾಕಿ ಮನೆಗೇ ಹೋಗುತ್ತೇನೆ. ಕುಚ್ಚನ್ನು ನೆಲದ ಮೇಲೇ ಇಟ್ಟು, ನಿಂತು ನೋಡಬೇಕು. ಕೈಯಲ್ಲಿ ಹಿಡಿದು ನೋಡಿದ ಬಣ್ಣ ಬೇರೆ, ಕಾಲ ಕೆಳಗಿನ ಬಣ್ಣ ಬೇರೆ. ಫೋನಿನ ಫೋಟೋ ನೋಡಿ ಆರ್ಡರ್ ತಗೊಳ್ಳೋದು ಬಿಟ್ಟು ಮೂರು ವರ್ಷ ಆಯಿತು.

ನಡುವೆ ಗುಳೇದಗುಡ್ಡ ಖಣದ, ಅಂದರೆ ಕುಪ್ಪಸದ ಬಟ್ಟೆಯ, ಹುಚ್ಚೂ ಹಿಡಿಯಿತು. ಪುಣೆಯವರಿಗೆ ಖಣ ಅಂದರೆ ಜೀವ. ಕುಶನ್ ಕವರ್ ಹೊಲಿಸಿದ್ದು ಬಿಸಿ ಬಿಸಿ ಹೋಳಿಗೆ ಹಾಗೆ ಹೋಯಿತು, ಒಂದು ಗಣಪತಿ ಹಬ್ಬಕ್ಕೇ 200ಕ್ಕೂ ಜಾಸ್ತಿ. ಅದೇ ಧೈರ್ಯದಲ್ಲಿ ಖಣದ ಪರದೆ ಮಾಡಿದೆ. ಬಟ್ಟೆಯ ಅಗಲ ಕಡಿಮೆ, ಜೋಡಣೆಗಳೇ ಜಾಸ್ತಿ. ಪಡುವಣ ಕಿಟಕಿಯಲ್ಲಿ ಏಪ್ರಿಲ್, ಮೇ ಎರಡೇ ತಿಂಗಳಿಗೆ ಮಡಿಕೆಯ ಹೊರಮೈ ಬಿಳಿಚಿಕೊಂಡಿತು. ಪರದೆ ಕೈಬಿಟ್ಟೆ. ಬಾಲ್ಕನಿಗೆ ಅಂತ ತಂದ ಸೆಣಬಿನ ಚಾಪೆಗಳ ಕತೆ ಕೇಳಬೇಡಿ, ಒಂದೇ ಮಳೆಗಾಲಕ್ಕೆ ಬೂಷ್ಟು.

ಟ್ರೆಂಡ್ ನಾನೂ ನೋಡುತ್ತೇನೆ. ಪ್ರತಿ ವರ್ಷಕ್ಕೊಂದು ಬಣ್ಣ ಘೋಷಿಸುವ ಅಮೆರಿಕದ ಪ್ಯಾಂಟೋನ್ ಕಂಪನಿಯವರು 2024ಕ್ಕೆ ಪೀಚ್ ಫಜ್ ಅಂದಾಗ ಎಲ್ಲರೂ ಫೋನಿನಲ್ಲಿ ಅದನ್ನೇ ತೋರಿಸುತ್ತಿದ್ದರು, ತಗೊಂಡವರು ಇಬ್ಬರೇ. 2025ರ ಮೋಕಾ ಮೂಸ್ ಮಾತ್ರ ನಿಜಕ್ಕೂ ಓಡಿತು. ಹಾಲು ಜಾಸ್ತಿಯಾದ ಕಾಫಿ ಬಣ್ಣ ಅಷ್ಟೇ ಅಲ್ವಾ, ಸಾಗುವಾನಿ ಸನ್‌ಮೈಕಾ ಇರುವ ಎಲ್ಲ ಮನೆಗೂ ಹೊಂದುತ್ತೆ. ನನ್ನ ಕಾಚಿನ ಬಣ್ಣಕ್ಕೂ ಅದಕ್ಕೂ ದೂರವೇನಿಲ್ಲ. ಹಾಗಾಗಿ ಹಳೇ ಮಾಲನ್ನೇ ಹೊಸ ಹೆಸರಲ್ಲಿ ಮಾರಿದೆ.

ಇದುವರೆಗೆ 60ರ ಆಸುಪಾಸು ಜಮಖಾನ ಹೋಗಿವೆ. ಒಂದರ ಮೇಲೆ ತೊಳೆತ, ಸಾಗಣೆ ಎಲ್ಲ ಕಳೆದು 3,500 ಉಳಿಯುತ್ತೆ. 2026ಕ್ಕೆ ಪ್ಯಾಂಟೋನ್ ಹೇಳಿರೋದು ಕ್ಲೌಡ್ ಡ್ಯಾನ್ಸರ್, ಅಂದರೆ ಬಿಳಿ. ಪುಣೆಯ ಧೂಳಿಗೆ ಬಿಳಿ ಹಾಸು! ಆದರೂ ಬಿಳಿ ನಡುಮೈ, ಕೆಂಪು ಅಂಚಿನ ಎರಡು ಜಮಖಾನಕ್ಕೆ ಹೇಳಿದ್ದೇನೆ. ಒಂದನ್ನು ಮೊದಲು ನಮ್ಮ ಮನೆಯಲ್ಲೇ, ಅದೇ ಕಿರ್ ಕಿರ್ ಕುರ್ಚಿಯ ಕೆಳಗೆ ಹಾಸಿ ನೋಡಬೇಕು.